ಲೋಪಸಂಧಿ

ಬರೆಯುವಾಗ ಕರ್ಕ್‌ಬಿ ಲಾನ್ಸ್‌ಡೇಲ್, ಬಾಯಲ್ಲಿ ಕರ್ಬಿ.
ನಡುವಿನ ಕಕಾರ ಎಲ್ಲಿ ಬಿತ್ತೋ, ಯಾರೂ ಹುಡುಕಿಲ್ಲ.
ಭಾನುವಾರ ಹತ್ತಕ್ಕೆ ದೆವ್ವದ ಸೇತುವೆಯ ಬದಿಗೆ
ಎಂಬತ್ತೋ ತೊಂಬತ್ತೋ ಬೈಕು,
ಲೂನ್ ಹೊಳೆಯ ಮೇಲೆ ಬೇಕನ್ ಹುರಿದ ಹೊಗೆ,
ನನ್ನ ಪಾಲಿಗೆ ಮೊಟ್ಟೆಯ ಬನ್ನು, ಕಾಗದದ ಲೋಟದ ಚಹಾ.

ಹೊಸ ಬೈಕು. ಎರಡನೇ ವಾರ.
ಗೇರಿನ ರಾಡಿಗೆ ಹೆಬ್ಬೆರಳಷ್ಟು ಗಾತ್ರದ ಸೆನ್ಸರು,
ಅದರ ಹೆಸರಲ್ಲಿ ಮುನ್ನೂರ ನಲವತ್ತು ಪೌಂಡು.
ಥ್ವೇಟ್ ಕನ್ನಡಕ ಹಣೆಗೇರಿಸಿ ಬಗ್ಗಿ ನೋಡಿದ,
ಹೊಸ ಅಳಿಯನನ್ನು ನೋಡುವ ಹಾಗೆ.
"ಕ್ಲಚ್ ಹಿಡಿಯೋದು ಸೌಜನ್ಯ," ಎಂದ,
"ಬಾಗಿಲು ತಟ್ಟಿ ಒಳಗೆ ಹೋದ ಹಾಗೆ.
ಇದು ಒದ್ದು ನುಗ್ಗೋದು."
ಅವನಿಗೆ ಎಪ್ಪತ್ತೆರಡು, ಅವನ ಬೈಕಿಗೆ ಐವತ್ತು;
ಇಬ್ಬರೂ ಸೋರುತ್ತೇವೆ ಅನ್ನುವುದು ಅವನದೇ ಜೋಕು.

ಮೋರಾಗ್ ನಗಲಿಲ್ಲ.
ವಾರವಿಡೀ ಕೆಂಡಲ್‌ನಲ್ಲಿ ನಾಯಿಗಳ ಕೂದಲು ಕತ್ತರಿಸಿ ಕತ್ತರಿಸಿ
ಅವಳ ಎಡ ಹೆಬ್ಬೆರಳ ಬುಡದ ಕೀಲು ಸವೆದಿದೆ.
ಎಕ್ಸ್‌ರೇ ತೆಗೆದವಳು ನಾನೇ,
ಎಲುಬು ಎಲುಬಿಗೆ ತಾಗಿದ್ದನ್ನು ಕಂಡಿದ್ದೇನೆ.
"ಸೌಜನ್ಯವಂತೆ! ಈ ಕೈಯನ್ನು ಕೇಳಿ ನೋಡು."
ನಾನು ಎರಡೂ ಕಡೆಗೆ ತಲೆಯಾಡಿಸಿದೆ.

ಯಾಕೆಂದರೆ, ಇಂಗಲ್‌ಟನ್ ದಾಟಿದ ಮೇಲೆ
ರಿಬಲ್‌ಹೆಡ್‌ನ ಇಪ್ಪತ್ತನಾಲ್ಕು ಕಮಾನು ಕಾಣುವಲ್ಲಿ
ರಸ್ತೆ ಸೀರೆ ಕೊಡವಿದ ಹಾಗೆ ಬಿಚ್ಚಿಕೊಳ್ಳುತ್ತದೆ;
ಥ್ರಾಟಲ್ ತಿರುಚಿದ್ದು ತಿರುಚಿದ ಹಾಗೇ,
ಎಡಗಾಲ ತುದಿ ಒಮ್ಮೆ ಎತ್ತಿದರೆ
ಟಪ್—
ಮೂರು ಆಗಲೇ ನಾಲ್ಕು.
ಎಂಜಿನು ರೆಪ್ಪೆ ಬಡಿಯುವಷ್ಟು ಉಸಿರು ಹಿಡಿದು ಬಿಟ್ಟಿದೆ.
ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದಂತೆ;
ತಿಳಿಯಲಿಲ್ಲ.

ದಾವಣಗೆರೆ, ಎಂಟನೇ ತರಗತಿ, ಗಂಗೂಬಾಯಿ ಟೀಚರು:
ಊರು, ಅನ್ನು, ಸೇರಿದರೆ ಊರನ್ನು.
ಉಕಾರ ಎಲ್ಲಿ ಹೋಯ್ತೇ?
ಲೋಪ ಆಯ್ತು, ಮಿಸ್.
ಮನೆ, ಅನ್ನು, ಸೇರಿದರೆ ಮನೆಯನ್ನು.
ಎರಡು ಸ್ವರ ಹೊಡೆದಾಡದ ಹಾಗೆ ನಡುವೆ ಒಂದು ಯಕಾರ,
ಜಗಳ ಬಿಡಿಸಲು ಬಂದ ಪಕ್ಕದ ಮನೆಯಾಕೆ.
ಹತ್ತೊಂಬತ್ತು ವರ್ಷ ನನ್ನ ಎಡಗೈ ಆ ಯಕಾರವಾಗಿತ್ತು.
ಗೇರಿಗೂ ಗೇರಿಗೂ ನಡುವೆ ನಿಂತು
ಸಮಾಧಾನ, ಸಮಾಧಾನ, ಅನ್ನುತ್ತಿತ್ತು.

ಟೀಚರು ಇನ್ನೊಂದು ಮಾತೂ ಹೇಳಿದ್ದರು,
ಸೀಮೆಸುಣ್ಣ ಹಲಗೆಗೆ ಕುಟ್ಟಿ:
ಅರ್ಥ ಕೆಡದಿದ್ದರೆ ಮಾತ್ರ ಲೋಪ.

ಹಾವ್ಸ್‌ನ ಕಲ್ಲುಹಾಸಿನ ಬೀದಿಯಲ್ಲಿ, ಕುರಿಗಾಡಿಯ ಹಿಂದೆ,
ನಡಿಗೆಯ ವೇಗದಲ್ಲಿ, ಒಂದರಿಂದ ಎರಡಕ್ಕೆ—
ದಡಕ್!
ಕುತ್ತಿಗೆ ಹಿಂದೆ, ಹೆಲ್ಮೆಟ್ಟು ಮುಂದೆ.
ಗಾಡಿಯ ಸರಳುಗಳ ಸಂದಿಯಿಂದ ಒಂದು ಟಗರು
ತಿರುಗಿ ನೋಡಿತು, ಹೊಸಬಳಾ ಅನ್ನುವ ಹಾಗೆ.

ಅಷ್ಟಕ್ಕೂ ಮಿತಿ ಅರವತ್ತು ಮೈಲಿ. ಈ ಅವಸರ ಯಾರಿಗೆ?
ವರ್ಷವಿಡೀ ಉಳಿಸಿದ ಚಿಲ್ಲರೆ ಕ್ಷಣಗಳನ್ನು ಗುಡ್ಡೆ ಹಾಕಿದರೂ
ಒಂದು ಚಹಾ ಕುಡಿಯಲು ಸಾಲದು.

ಮುಂದಿನ ಭಾನುವಾರ ಥ್ವೇಟ್ ತಾನಾಗಿ ಕೇಳಿದ, "ಒಂದು ಸುತ್ತು?"
ಕೀಲಿ ಕೊಟ್ಟೆ.
ಸೇತುವೆಯಾಚೆ ಸದ್ದು ಏರಿತು, ಒಡೆಯದ ದಾರದ ಹಾಗೆ,
ನಡುನಡುವೆ ಗಂಟು ಮಾತ್ರ.
ಇಪ್ಪತ್ತು ನಿಮಿಷಕ್ಕೆ ಬಂದ. ಗ್ಲೌಸು ಕಳಚಿ
ಎಡಗೈಯನ್ನು ಈ ಮಗ್ಗುಲು ಆ ಮಗ್ಗುಲು ತಿರುಗಿಸಿ ನೋಡಿಕೊಂಡ.
"ಒಳ್ಳೆಯದೇ," ಎಂದ. ಚಹಾ ಮುಗಿಸಿದ. ಆಮೇಲೆ,
"ಕೈ ಎಲ್ಲಿಡೋದು ಅಂತ ಗೊತ್ತಾಗಲಿಲ್ಲ,
ಮದುವೆ ಫೋಟೋದಲ್ಲಿ ನಿಂತ ಹಾಗೆ."

ಸಂಜೆ ಲ್ಯಾಂಕಾಸ್ಟರ್‌ಗೆ ಇಳಿಯುವಾಗ
ಬೇಡವಾದರೂ ನನ್ನ ಎರಡು ಬೆರಳು
ಕ್ಲಚ್ಚಿನ ಮೇಲೆ ಸುಮ್ಮನೆ ಮಲಗಿದ್ದವು.
ಆಸ್ಪತ್ರೆಯ ತಿರುವಿನಲ್ಲಿ ಕೆಂಪು ದೀಪ.
ನಿಲ್ಲುವುದಕ್ಕೆ ಇನ್ನೂ ಆ ಕೈಯೇ ಬೇಕು,
ಹೊರಡುವುದಕ್ಕೂ.

ಮನೆಗೆ ಬಂದು ಮೆನುವಿನಲ್ಲಿ ಹುಡುಕಿ
ಅದನ್ನು ಆರಿಸಿಟ್ಟೆ,
ಶನಿವಾರದವರೆಗೆ.