ನಿಂತ ಹೊತ್ತು

ತನುಜಳ ಲೆಕ್ಕದ ಪುಸ್ತಕದಲ್ಲಿ
ಊರುಗಳಿಗೆ ಹೆಸರಿಲ್ಲ, ಅ ಮತ್ತು ಬ.
ಅ ಊರಿಂದ ವಿಮಾನ ನಿಲ್ದಾಣಕ್ಕೆ ನೂರು ಕಿಲೋಮೀಟರು,
ವ್ಯಾನಿನ ವೇಗ ಗಂಟೆಗೆ ಐವತ್ತು.
ಅಲ್ಲಿಂದ ಬ ಊರಿಗೆ ಮೂರು ಸಾವಿರದ ಇನ್ನೂರು,
ವಿಮಾನದ ವೇಗ ಎಂಟುನೂರು.
ಸರಕು ತಲುಪಲು ಬೇಕಾದ ಸಮಯವೆಷ್ಟು?

ಎರಡು, ನಾಲ್ಕು, ಒಟ್ಟು ಆರು,
ಬೆರಳು ಮಡಚದೆ ಹೇಳಿದಳು.

ನಾನು ಹನ್ನೊಂದು ವರ್ಷದಿಂದ ಓಡಿಸುತ್ತಿರುವುದು
ಇದೇ ಲೆಕ್ಕವನ್ನು.
ಒಂದು ಸಲವೂ ಆರು ಬಂದಿಲ್ಲ.

ನಮ್ಮ ಊರ ಹೆಸರು ತಳಿ,
ಗುಲಾಬಿಯ ತಳಿ ಹಾಲೆಂಡಿನದು.
ಪಾಲಿಹೌಸಿನಲ್ಲಿ ಬೆಳಗಿನ ಜಾವ ಕೊಯ್ದು
ಮೊಗ್ಗಿನ ಕೊರಳಿಗೆ ಕಾಗದ ಸುತ್ತಿ
ಸಂಜೆ ನನ್ನ ಬೆನ್ನಿಗೆ ಏರಿಸುತ್ತಾರೆ, ನಾಲ್ಕು ಡಿಗ್ರಿ ತಂಪಿನಲ್ಲಿ,
ನಾಳೆ ಸಿಂಗಪುರದ ಯಾವುದೋ ಮದುವೆಗೆ.

ಜವಳಗಿರಿ ಕಾಡಿನ ಕಡೆಯಿಂದ ಆನೆ ಬಂದರೆ
ದೀಪ ಆರಿಸಿ ಕೂರಬೇಕು.
ಯಾರ ಹೊಲದ ರಾಗಿ ಎಂದು
ಅವು ತೀರ್ಮಾನಿಸುವ ತನಕ.
ಮರಿಯೊಂದು ಡಾಂಬರಿನ ನಡುವೆ ನಿಂತು
ಸೊಂಡಿಲಲ್ಲಿ ಮಣ್ಣು ಹುಡುಕುತ್ತದೆ. ಇಪ್ಪತ್ತು ನಿಮಿಷ.
ಮತ್ತಿಗಿರಿಯಲ್ಲಿ ಡೀಸೆಲು, ಹೊಸೂರು ದಾಟಿ ಗಡಿ,
ಅತ್ತಿಬೆಲೆಯಲ್ಲಿ ಸಾಲು.
ಇತ್ತ ತಮಿಳು, ಅತ್ತ ಕನ್ನಡ,
ಕಾಗದ ಕೇಳುವ ಕೈ ಮಾತ್ರ ಒಂದೇ ಥರ.
ಆಮೇಲೆ ಬೆಂಗಳೂರು.
ಅದರ ವೇಗ ಯಾವ ಪುಸ್ತಕದಲ್ಲೂ ಇಲ್ಲ.

ತಲೆ ಮೇಲೆ ವಿಮಾನ ಹಾದು ಹೋಗುತ್ತದೆ,
ಹೊಟ್ಟೆ ಕಾಣುವಷ್ಟು ಕೆಳಗೆ.
ಅದರೊಳಗೆ ನಿನ್ನೆಯ ಹೂವು ಇರಬಹುದು.
ನಾನು ಸಿಗ್ನಲ್ಲಿನಲ್ಲಿ
ನೂರಾ ಎಂಟು ಎಣಿಸುತ್ತಿರುತ್ತೇನೆ.

ಹೋದ ಮಾಘದಲ್ಲಿ ಒಂದು ರಾತ್ರಿ
ಪೆಟ್ಟಿಗೆ ಏರಿಸಿ ಬಾಗಿಲು ಹಾಕುವಷ್ಟರಲ್ಲಿ
ಗ್ರೇಡಿಂಗ್ ಮೇಜಿನ ಮುನಿರತ್ನಮ್ಮ
ಹೊಟ್ಟೆ ಹಿಡಿದು ಕೂತಳು.
ಎಂಟನೇ ತಿಂಗಳು, ಓವರ್‌ಟೈಮು.
ಆಂಬುಲೆನ್ಸು ಇನ್ನೂ ಕೆಲಮಂಗಲದಲ್ಲಿ ಇದೆಯಂತೆ.
ಬಲಕ್ಕೆ ವಿಮಾನ, ಎಡಕ್ಕೆ ಡೆಂಕಣಿಕೋಟೆ ಆಸ್ಪತ್ರೆ.
ನಾನು ಯೋಚಿಸಿದೆ, ಸುಳ್ಳು ಯಾಕೆ,
ಗೇರು ಹಾಕುವ ಮುನ್ನ ಒಂದು ಕ್ಷಣ ಯೋಚಿಸಿದೆ.

ತಂಪು ಆರಿಸಿದೆ.
ಪೆಟ್ಟಿಗೆ ಸರಿಸಿ ಗೋಣಿ ಹಾಸಿ ಮಲಗಿಸಿದರು,
ಸಾಕಮ್ಮ ಅವಳ ತಲೆ ತೊಡೆ ಮೇಲಿಟ್ಟುಕೊಂಡಳು.
ಅವತ್ತು ಆನೆ ಇರಲಿಲ್ಲ.
ಇಪ್ಪತ್ತೈದು ಕಿಲೋಮೀಟರು. ಹಿಂದಿನಿಂದ
ತಗಡಿಗೆ ಬಡಿದು ಕೇಳುತ್ತಲೇ ಇದ್ದರು,
ಎಷ್ಟು ದೂರ, ಇನ್ನೆಷ್ಟು ದೂರ?
ಬಂತು ಅಂದೆ. ಬಂದಿರಲಿಲ್ಲ.

ಹೆಣ್ಣು, ಒಂದು ಮುಕ್ಕಾಲು ಕೆಜಿ.

ಬೆಳಗ್ಗೆ ಬಾಗಿಲು ತೆಗೆದಾಗ
ಹೂವೆಲ್ಲ ಅರಳಿದ್ದವು,
ಸಿಂಗಪುರದಲ್ಲಿ ಅರಳಬೇಕಾದವು,
ಆಸ್ಪತ್ರೆಯ ಸೈಕಲ್ ಸ್ಟ್ಯಾಂಡಿನ ಪಕ್ಕ.
ಹೊಸೂರಿನ ಹಾರದಂಗಡಿಯವನು
ಕಟ್ಟಿಗೆ ಆರು ರೂಪಾಯಿ ಅಂದ.
ಮ್ಯಾನೇಜರ್ ಇಳಂಗೋವನ್ ಬೈಯಲಿಲ್ಲ,
ಒಳ್ಳೆ ಮನುಷ್ಯ. ಮೂರು ತಿಂಗಳು
ಸಂಬಳದಲ್ಲಿ ಹಿಡಿದುಕೊಂಡ.

ಇದನ್ನೆಲ್ಲ ತನುಜಳಿಗೆ ಹೇಳಬೇಕೆಂದು ಇರಲಿಲ್ಲ.
ಆರಲ್ಲ ಮಗಾ, ಅಂದೆ ಅಷ್ಟೇ.
ಹಾಗಾದರೆ ಎಷ್ಟು?
ಅವಳು ರಬ್ಬರು ಹಿಡಿದು ಕೂತಿದ್ದಳು,
ಉತ್ತರದ ಮೇಲೆ, ಅಳಿಸದೆ.
ನಿಂತ ಹೊತ್ತನ್ನೂ ಕೂಡಿಸಬೇಕಾ ಅಪ್ಪಾ?

ಹೊರಗೆ ಹೋಗಿ ಇಂಜಿನ್ ಹಚ್ಚಿದೆ.
ಪೆಟ್ಟಿಗೆ ಏರಿಸುವ ಮೊದಲು
ಖಾಲಿ ಗಾಡಿ ತಣ್ಣಗಾಗಬೇಕು.
ಇಪ್ಪತ್ತೊಂಬತ್ತು, ಇಪ್ಪತ್ತೆಂಟು,
ಕೆಂಪು ಅಂಕಿ ಇಳಿಯುತ್ತಿತ್ತು,
ಬಾಗಿಲಲ್ಲಿ ಅವಳು, ಪುಸ್ತಕ ಹಿಡಿದು.