ಒಂದು ಲೋಟ ಕಮ್ಮಿ

ಸಾಗರ ರಸ್ತೆಯ ಗ್ಯಾರೇಜಿಗೆ
ಹನ್ನೊಂದಕ್ಕೆ ಟೀ ತರುವ ಮುನೀಬ
“ಒಂದು ಕಮ್ಮಿ ಯಾಕಣ್ಣ?” ಅಂದ.

ಸಕ್ಕರೆ ಕಾಯಿಲೆ ಅನ್ನಲಿಲ್ಲ ನಾನು.
ಗ್ರೀಸಿನ ಕೈ ಒರೆಸಿ ಫ್ಲಾಸ್ಕಿನ ಮುಚ್ಚಳ ತಿರುಗಿಸಿದೆ:
ಮಜ್ಜಿಗೆಹುಲ್ಲು, ಜಜ್ಜಿದ ಶುಂಠಿ,
ಹೊಸನಗರದ ಅತ್ತಿಗೆ ಕಳಿಸಿದ ಮುರುಗಲು ಸಿಪ್ಪೆ.
ಟಾರ್ಪಾಲಿನ ಮೇಲೆ ನಾಲ್ಕು ಬಿಸಿಲು ಕಂಡದ್ದು,
ಐದನೆಯ ದಿನ ಮೋಡ,
ಉಳಿದದ್ದು ಒಲೆಯ ಬದಿಗೆ.

“ಮೇಸ್ತ್ರಿ ಸ್ಟೇರಿಂಗ್ ಆಯಿಲ್ ಕುಡೀತಾನೆ”
ಲಾರಿಯಡಿಯಿಂದ ನಕ್ಕರು.
ಬಣ್ಣ ಹಾಗೇ ಇತ್ತು, ಸುಳ್ಳಲ್ಲ.

ಸೋಮವಾರ ಮುನೀಬನಿಗೆ ನೆಗಡಿ.
ಟ್ರೇ ಇಳಿಸಿಯೂ ನಿಂತೇ ಇದ್ದ,
ಫ್ಲಾಸ್ಕಿನ ಕಡೆ
ನೋಡದ ಹಾಗೆ ನೋಡುತ್ತ.

ಅರ್ಧ ಅವನಿಗೆ ಬಗ್ಗಿಸಿದೆ.
ಹುಳಿಗೆ ಒಂದು ಕಣ್ಣು ತಾನಾಗಿ ಮುಚ್ಚಿತು.
“ಇದು ಟೀ ಅಲ್ಲ ಬಿಡಣ್ಣ” ಅಂದ,
ಲೋಟ ಕೆಳಗಿಡಲಿಲ್ಲ.

ನಾಳೆಗೆ
ಇನ್ನೆರಡು ಸಿಪ್ಪೆ ಜಾಸ್ತಿ ನೆನೆಹಾಕಬೇಕು.