ದಿನ ಬಿಟ್ಟು ದಿನ

ಎಳ್ಳ ಅಮಾಸಿಗೆ ಮೂರು ದಿನ ಇರುವಾಗ ಗುಳೇದಗುಡ್ಡಕ್ಕೆ ಬಂದೆ.
ಮಲಾವಿಯ ಕೆಂಪು ಧೂಳು ಇನ್ನೂ ಬೂಟಿನ ಹೊಲಿಗೆಯಲ್ಲಿತ್ತು.
ಅವ್ವ ಹಿತ್ತಲಲ್ಲಿ ಝಾಡಿಸಿ ನೋಡಿ
"ನಮ್ಮ ಮಣ್ಣಿನಂಗನ ಐತಲ್ಲ" ಅಂದಳು,
ಒಂಚೂರು ನಿರಾಸೆಯಾದವಳಂತೆ.

ಅವತ್ತೇ ಗುಳಿಗೆ ಬಿಟ್ಟೆ.
ಅಲ್ಲಿ ಹದಿನಾಲ್ಕು ತಿಂಗಳು ಒಂದು ರಾತ್ರಿಯೂ ತಪ್ಪಿಸಿರಲಿಲ್ಲ.
ಊರಿಗೆ ಹೋದಮೇಲೂ ನಾಲ್ಕು ವಾರ ನುಂಗಬೇಕೆಂದು
ಚೀಟಿಯಲ್ಲಿ ಬರೆದಿತ್ತು, ಕೆಳಗೆ ಗೆರೆ ಎಳೆದು.
ಆದರೆ ಮನೆ ಅಂದರೆ
ಗುಳಿಗೆ ಬೇಡದ ಜಾಗ ಅಲ್ಲವೆ?

ಅಮಾಸಿಯ ದಿನ ಸಜ್ಜಿರೊಟ್ಟಿ, ಶೇಂಗಾ ಹೋಳಿಗೆ, ಪುಂಡಿಪಲ್ಲೆ ಬುತ್ತಿ ಕಟ್ಟಿ
ಚರಗ ಚೆಲ್ಲಲು ಎಲ್ಲರೂ ಮಾವನ ಹೊಲಕ್ಕೆ ಹೊರಟಾಗ
ನನ್ನ ಹಲ್ಲು ಕಟಕಟ ಶುರುವಾದವು.
ಕೌದಿ ಮೇಲೆ ಕೌದಿ, ಅದರ ಮೇಲೆ ಕಂಬಳಿ,
ಕಂಬಳಿ ಹಾರದಂತೆ ತಮ್ಮ ಮಹಾರುದ್ರ ಅಂಚಿಗೆ ಕೂತ.
ಟೆಂಪೋ ಹೋಯಿತು. ಹೋಳಿಗೆ ಹೋದವು.

ಲ್ಯಾಬಿನ ಇಮಾಮಹುಸೇನ ಗಾಜಿನ ಮೇಲೆ ರಕ್ತ ಸವರಿ
ಎರಡೆರಡು ಸಲ ಕಣ್ಣಿಟ್ಟು ನೋಡಿ
"ಇದನ್ನ ಕಾಲೇಜಿನ ಪುಸ್ತಕದಾಗ ನೋಡಿದ್ದೆ ಅಕ್ಕಾರ" ಅಂದ,
ಹಳೆಯ ಗೆಳೆಯ ಸಿಕ್ಕಷ್ಟು ಖುಷಿಯಿಂದ.
ಆಮೇಲೆ ನಾಚಿ, ರೊಕ್ಕ ಬ್ಯಾಡ ಅಂದ.

ಒಂದು ದಿನ ಜ್ವರ, ಒಂದು ದಿನ ಬಿಡುವು.
ಬಿಡುವಿನ ದಿನ ಜನ.
"ಪರದೇಶದಿಂದ ಏನ್ ತಂದಿ?"
ತಂದದ್ದು ಗಾಜಿನ ಮೇಲಿದೆ, ನೇರಳೆ ಬಣ್ಣದ ಚುಕ್ಕೆ.
"ಪಗಾರ?"
ಇಲ್ಲ. ಒಂದು ಖೋಲಿ, ಊಟ, ಒಂದು ಸೈಕಲ್ಲು.
ಕೈಪಂಪು ಕೆಟ್ಟ ಹಳ್ಳಿಗೆ ಹೋಗಿ ದುರಸ್ತಿ ಕಲಿಸೋದು.
ಗುರುಬಾಳತ್ತೆ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದಳು:
"ಬಿಟ್ಟಿ ದುಡಿಯೂದಾದ್ರ ಇಲ್ಲೇ ದುಡೀಬಹುದಿತ್ತಲ್ಲ ನೀಲಗಂಗಾ,
ನಮ್ಮ ಓಣಿ ನಳಾ ಎಂಟ ದಿನಕ್ಕೊಮ್ಮೆ ಬರ್ತೈತಿ."
ನನ್ನಲ್ಲಿ ಉತ್ತರ ಇರಲಿಲ್ಲ.
ಕಣ್ಣು ಮುಚ್ಚಿದೆ. ಜ್ವರ ಬಂತೆಂದುಕೊಂಡರು.

ಒಳಗೆ ಅಪ್ಪನ ಕುಣಿಮಗ್ಗ ಲಟಕ್ ಪಟಕ್,
ಖಣದ ಅಂಚು ಬೆರಳಷ್ಟು ಬೆರಳಷ್ಟು ಬೆಳೆಯುತ್ತಿತ್ತು.
ಸಂಜೆ ಬಂದು ಕಾಲ ಬಳಿ ಕೂತು
"ಆ ಪಂಪಿನಾಗ ಕೆಡೂದು ಏನು?" ಎಂದು ಕೇಳಿದ.
ಚರ್ಮದ ಬಿಲ್ಲೆ ಅಂದೆ, ಸವೆದರೆ ನೀರು ಏರುವುದಿಲ್ಲ.
ಅಪ್ಪ ಎದ್ದು ಹೋಗಿ ಮಗ್ಗದ ಚರ್ಮದ ತುಂಡು ತಂದು
ನನ್ನ ಬಿಸಿ ಅಂಗೈಯಲ್ಲಿಟ್ಟ:
"ಇಷ್ಟ ದಪ್ಪೇನು?"
ಮುಂದೆ ಏನೂ ಕೇಳಲಿಲ್ಲ.

ಐದನೆಯ ರಾತ್ರಿ ನಾನು ಆ ಭಾಷೆಯಲ್ಲಿ ಮಾತಾಡಿದೆನಂತೆ.
"ಪಂಗೊನೊ ಪಂಗೊನೊ, ತಡಾಲಾ!"
ಅವ್ವನಿಗೆ ಗಾಳಿ ಸೋಕಿತೆಂದು ಭಯ.
ಬೆಳಿಗ್ಗೆ ಗಂಜಿ ಊದುತ್ತ ಮೆಲ್ಲಗೆ ಕೇಳಿದಳು,
"ತಡಾಲಾ ಅಂದ್ರ ಯಾರ? ಏನ್ ಬೇಕಂತ ಆಕಿಗೆ?"

ಒಂಬತ್ತು ವರ್ಷದ ಹುಡುಗಿ, ಅವ್ವಾ.
ಪಂಪಿನ ಹಿಡಿಕೆಗೆ ಇಡೀ ಮೈ ಜೋತುಬಿಟ್ಟು ಧಡಧಡ ಹೊಡೀತಾಳ.
ಮೆಲ್ಲಗ, ಮೆಲ್ಲಗ ಅಂತಿದ್ದೆ, ಅಷ್ಟ.

"ಆಕಿಗೂ ಬರ್ತೈತೇನು ಈ ಚಳಿ?"
ವರ್ಷಕ್ಕ ಮೂರ ನಾಕ ಸಲ.
"ಕೌದಿ ಅದಾವ?"

ಸುಮ್ಮನಿದ್ದೆ.
ಅವ್ವ ಒಳಗೆ ಹೋದಳು.
ಉಪ್ಪು, ಸಾಸಿವೆ, ಒಣಮೆಣಸಿನಕಾಯಿ ಹಿಡಿದು ಬಂದು
ನನ್ನನ್ನು ಮೂರು ಸಲ ನಿವಾಳಿಸಿದಳು.
ಆಮೇಲೆ ಇನ್ನೊಂದು ಹಿಡಿ ತಂದು
ಮಂಚದ ಪಕ್ಕದ ಬರಿಗಾಳಿಯಲ್ಲಿ,
ಒಂಬತ್ತು ವರ್ಷದವಳ ಎತ್ತರ ಅಂದಾಜು ಮಾಡಿ
ಸ್ವಲ್ಪ ಬಗ್ಗಿ
ನೆತ್ತಿಯಿಂದ ಪಾದದವರೆಗೆ ಇಳಿತೆಗೆದು
ಹಿತ್ತಲ ಒಲೆಗೆ ಹಾಕಿದಳು.

"ಘಾಟ ಬರಲಿಲ್ಲ ನೋಡು,
ಕೂಸಿಗೆ ಭಾಳ ದೃಷ್ಟಿ ಆಗಿತ್ತು."

ಗಂಟಲಿಗೆ ಕೆಮ್ಮು ಬಂತು.
ಕೌದಿಯ ತುದಿ ಬಾಯಿಗೊತ್ತಿ
ತಡೆದುಕೊಂಡೆ.